ಓದುಗರ ಪ್ರಶ್ನೆ: ಬಿ.ಎಡ್ ಮಾಡಿದರೆ ಒಂದನೇ ತರಗತಿಗೂ ಪಾಠ ಮಾಡಬಹುದಲ್ವಾ?

"ಸರ್, ನಾನು ಸಿರುಗುಪ್ಪ ತಾಲ್ಲೂಕಿನವಳು. ಪಿಸಿಎಂ ತಗೊಂಡು ಬಿ.ಎಸ್ಸಿ ಮುಗಿಸಿದ್ದೇನೆ. ಬಿ.ಎಡ್ ಮಾಡಿದರೆ ಟೀಚರ್ ಆಗೋಕೆ ಲೈಸೆನ್ಸ್ ಸಿಕ್ಕಂತೆ, ಆಮೇಲೆ ಒಂದರಿಂದ ಹತ್ತರವರೆಗೆ ಯಾವ ತರಗತಿಗೆ ಬೇಕಾದರೂ ಪಾಠ ಮಾಡಬಹುದು ಅಂತ ನಮ್ಮ ಮಾವ ಹೇಳ್ತಾರೆ. ಹೌದಾ ಸರ್?"

ಈ ಮಾವನನ್ನು ನಾನು ಬಲ್ಲೆ. ನಿನ್ನ ಮಾವನೇ ಅಂತಲ್ಲ. ನಮ್ಮ ಕಡೆ ಮನೆಗೊಬ್ಬರು ಇಂಥ ಮಾವ ಇದ್ದೇ ಇರುತ್ತಾರೆ. ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದಾರೆ. ಒಮ್ಮೆಯಂತೂ ಕಟಿಂಗ್ ಶಾಪಿನಲ್ಲಿ ನಾನು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಾಗ ಕೇಳಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ನ್ಯೂಟನ್ನಿನ ನಿಯಮ ಈಗ ಯಾರಿಗೂ ಬೇಡ. ಎಲ್ಲರಿಗೂ ಬಿ.ಎಡ್ ಬೇಕು.

ಮೊದಲು ಲೈಸೆನ್ಸ್ ಮಾತು ಮುಗಿಸಿಬಿಡೋಣ. ಡಾಕ್ಟರು, ವಕೀಲರು ಕೌನ್ಸಿಲ್ಲಿನಲ್ಲಿ ಹೆಸರು ಬರೆಸಿ ನಂಬರ್ ಪಡೆಯುತ್ತಾರಲ್ಲ, ನಮ್ಮಲ್ಲಿ ಶಿಕ್ಷಕರಿಗೆ ಅಂಥದ್ದು ಇಲ್ಲ. ಬಿ.ಎಡ್ ಒಂದು ಪದವಿ, ಅಷ್ಟೇ. ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟಕ್ಕೆ ಪಾಠ ಮಾಡಬೇಕಾದರೆ ಬಿ.ಎಡ್ ದಾರಿಯವರಿಗೆ ಡಿಗ್ರಿ, ಬಿ.ಎಡ್, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಮೂರೂ ಬೇಕು. ಆಮೇಲೆ ಹುದ್ದೆ ಕರೆದಾಗ ಸಿಇಟಿ, ಅಂದರೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ, ಬರೆಯಬೇಕು. ಒಂಬತ್ತು, ಹತ್ತಕ್ಕೆ ನಮ್ಮ ರಾಜ್ಯದಲ್ಲಿ ಟಿಇಟಿ ಕೇಳುವುದಿಲ್ಲ, ಆದರೆ ಅದರ ಸಿಇಟಿಯೇ ಬೇರೆ. ಪಿಯು ಕಾಲೇಜಿಗಾದರೆ ಎಂ.ಎಸ್ಸಿಯೂ ಬೇಕು.

ಬಿ.ಎಡ್ 2015ರಿಂದ ಎರಡು ವರ್ಷ. ಸೇರಲು ಡಿಗ್ರಿಯಲ್ಲಿ ನೂರಕ್ಕೆ 50 ಬೇಕು, ಮೀಸಲಾತಿ ಇದ್ದವರಿಗೆ ಸ್ವಲ್ಪ ರಿಯಾಯಿತಿ. ಸರ್ಕಾರಿ ಕೋಟಾದ ಸೀಟು ಡಿಗ್ರಿ ಅಂಕದ ಮೇಲೆ ಹಂಚಿಕೆಯಾಗುತ್ತದೆ. ತರಗತಿಗೆ ನೂರಕ್ಕೆ 80 ಹಾಜರಿ ಬೇಕು, ಶಾಲೆಯಲ್ಲಿ ಮಾಡುವ ಇಂಟರ್ನ್‌ಶಿಪ್‌ಗೆ 90. ಆ ಇಂಟರ್ನ್‌ಶಿಪ್ಪೇ ಎರಡು ವರ್ಷದಲ್ಲಿ ಒಟ್ಟು 20 ವಾರ. "ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಅನ್ನುವ ಏಜೆಂಟರು ಗಡಿಯ ಆಚೆಗೂ ಇದ್ದಾರೆ, ಈಚೆಗೂ ಇದ್ದಾರೆ. ಸಿಕ್ಕರೆ ನಮಸ್ಕಾರ ಹೇಳಿ ಮುಂದೆ ಹೋಗು.

ಈಗ ಮಾವನ ಮಾತಿಗೆ ಬರುತ್ತೇನೆ. ಇದಕ್ಕೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆದ್ದರಿಂದ ಈ ಸಲ ಬರೆದೇ ಇಡುತ್ತೇನೆ. ಇಲ್ಲ, ಬಿ.ಎಡ್ ಮಾಡಿದವರು ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಅರ್ಹರಲ್ಲ. ಅದಕ್ಕೆ ಡಿ.ಎಡ್ ಬೇಕು. ಹಳಬರು ಟಿಸಿಎಚ್ ಅನ್ನುತ್ತಿದ್ದರಲ್ಲ, ಈಗ ಡಿ.ಎಲ್.ಎಡ್ ಅನ್ನುತ್ತಾರಲ್ಲ, ಅದೇ.

"ಅದೆಂಗ್ರಿ ಸರ್? ಡಿ.ಎಡ್ ಪಿಯುಸಿ ಮೇಲೆ ಮಾಡೋದು, ಬಿ.ಎಡ್ ಡಿಗ್ರಿ ಮೇಲೆ ಮಾಡೋದು. ಲಾರಿ ಓಡಿಸೋನಿಗೆ ಆಟೋ ಓಡಿಸಾಕ ಬರಂಗಿಲ್ಲೇನ್ರಿ?" ಅಂತ ಮಾವ ಕೇಳುತ್ತಾರೆ. ಬರುತ್ತದೆ ಮಾವ, ಲಾರಿಯವನಿಗೆ ಆಟೋ ಬರುತ್ತದೆ. ಆದರೆ ಇದು ಲಾರಿ, ಆಟೋ ಲೆಕ್ಕ ಅಲ್ಲ. ಸೋನಾ ಮಸೂರಿ ಬೆಳೆಯುವವರ ಕೈಗೆ ರೇಷ್ಮೆ ಹುಳ ಕೊಟ್ಟು ಸಾಕಿ ಅಂದ ಹಾಗೆ. ಎರಡೂ ಒಕ್ಕಲುತನವೇ, ಒಂದು ಬಂದವರಿಗೆ ಇನ್ನೊಂದು ಬರಲೇಬೇಕು ಅಂತಿಲ್ಲ.

ಮಾವ ಸುಮ್ನೆ ಹೇಳುತ್ತಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಶಿಕ್ಷಕರಿಗೆ ಏನು ಅರ್ಹತೆ ಬೇಕು ಅಂತ ನಿಗದಿ ಮಾಡುವ ಕೇಂದ್ರದ ಮಂಡಳಿ ಎನ್‌ಸಿಟಿಇ 2018ರ ಜೂನ್ 28ರಂದು ಒಂದು ಅಧಿಸೂಚನೆ ಹೊರಡಿಸಿತ್ತು. ಬಿ.ಎಡ್ ಆದವರನ್ನೂ ಒಂದರಿಂದ ಐದಕ್ಕೆ ತಗೊಳ್ಳಬಹುದು, ನೌಕರಿ ಸಿಕ್ಕ ಎರಡು ವರ್ಷದೊಳಗೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಿದರೆ ಸಾಕು ಅಂತ. ಬಿ.ಎಡ್ ಆದವರು ಒಂದರಿಂದ ಐದಕ್ಕೆ ಇರುವ ಟಿಇಟಿ ಒಂದನೇ ಪತ್ರಿಕೆಯನ್ನೂ ಬರೆದರು. ರಾಜಸ್ಥಾನದಲ್ಲಿ ಜಗಳ ಶುರುವಾಯಿತು. ಅಲ್ಲಿನ ಸರ್ಕಾರ ಬಿ.ಎಡ್‌ನವರನ್ನು ಬಿಟ್ಟು ಅರ್ಜಿ ಕರೆಯಿತು, ಅವರು ಕೋರ್ಟಿಗೆ ಹೋದರು. 2021ರಲ್ಲಿ ರಾಜಸ್ಥಾನ ಹೈಕೋರ್ಟ್ ಆ ಅಧಿಸೂಚನೆಯನ್ನೇ ರದ್ದು ಮಾಡಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಕಡ್ಡಾಯ ಶಿಕ್ಷಣ ಅಂದರೆ ಮಗುವನ್ನು ಶಾಲೆಗೆ ಕರೆತಂದು ಕೂರಿಸುವುದಷ್ಟೇ ಅಲ್ಲ, ಅದಕ್ಕೆ ಒಳ್ಳೆಯ ಪಾಠ ಸಿಗಬೇಕು, ಬಿ.ಎಡ್ ತರಬೇತಿ ಅಷ್ಟು ಚಿಕ್ಕ ಮಕ್ಕಳಿಗಾಗಿ ಮಾಡಿದ್ದಲ್ಲ ಅನ್ನುವುದು ತೀರ್ಪಿನ ಸಾರ. ಅದಕ್ಕೂ ಮುಂಚೆ ನೌಕರಿಗೆ ಸೇರಿದವರನ್ನು ತೆಗೆಯಬೇಡಿ ಅಂತ 2024ರಲ್ಲಿ ಅದೇ ಕೋರ್ಟ್ ಸ್ಪಷ್ಟ ಮಾಡಿತು. ಹೊಸಬರಿಗೆ ಆ ದಾರಿ ಇಲ್ಲ.

ಅಂದರೆ ಮಾವ 2018ರ ಪೇಪರ್ ಓದಿದ್ದಾರೆ, 2023ರದ್ದು ಓದಿಲ್ಲ.

"ಸರ್, ನನ್ನ ಹತ್ರ ಒಂದನೇ ಪತ್ರಿಕೆ ಪಾಸಾದ ಸರ್ಟಿಫಿಕೇಟ್ ಐತಿ, ಅದು ಸಾಯೋತನಕ ನಡಿತೈತಿ" ಅಂತ ಇನ್ನೊಬ್ಬರು ಬರುತ್ತಾರೆ. ನಡೆಯುತ್ತದಪ್ಪಾ. ಮೊದಲು ಏಳು ವರ್ಷ ಇದ್ದ ಅವಧಿಯನ್ನು 2021ರಲ್ಲಿ ಜೀವನಪೂರ್ತಿ ಮಾಡಿದ್ದು ನಿಜ. ಆದರೆ ಟಿಇಟಿ ಪಾಸಾದದ್ದು ಡಿ.ಎಡ್ ಆದಂತೆ ಅಲ್ಲ. ಮದುವೆ ಕಾರ್ಡ್ ಪ್ರಿಂಟಾಯಿತು ಅಂತ ಮದುವೆ ಆದಂಗೇನು?

ಇಷ್ಟಾದ ಮೇಲೂ ಬಿಡದವರು ಒಂದು ಕೊನೆಯ ಬಾಣ ಇಟ್ಟುಕೊಂಡಿರುತ್ತಾರೆ: "ಕೋರ್ಟಿನವರು ಏನಾದ್ರೂ ಹೇಳ್ಲಿ ಸರ್. ಅ ಆ ಇ ಈ ಕಲಿಸಾಕ ಅದ್ಯಾವ ದೊಡ್ಡ ವಿದ್ಯೆ ಬೇಕ್ರಿ?"

ಇಲ್ಲಿ ನನ್ನ ಮರ್ಯಾದೆ ಹೋದ ಕಥೆ ಹೇಳಲೇಬೇಕು. ಸರ್ವಿಸಿನಲ್ಲಿದ್ದಾಗ ಒಮ್ಮೆ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಆಟ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯ ಅಕ್ಕೋರು ರಜೆ ಹಾಕಿದ್ದರು. ಎರಡು ದಿನ ನೀವು ನೋಡಿಕೊಳ್ಳಿ ಅಂದರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಚೆನ್ನಾಗಿ ತರುವ ಮಾಸ್ತರ್ ಅಂತ ನನಗೆ ಒಳಗೊಳಗೇ ಜಂಬ. ಒಂದನೇ ಕ್ಲಾಸ್ ಯಾವ ಮಹಾ ಅಂತ ಹೋದೆ. ಒಳಗೆ ಹೋಗಿ ಮೊದಲು ಕುರ್ಚಿ ಹುಡುಕಿದೆ. ಇರಲಿಲ್ಲ. ನಲಿ-ಕಲಿಯಲ್ಲಿ ಅಕ್ಕೋರೂ ಮಕ್ಕಳ ಜೊತೆ ನೆಲದ ಮೇಲೆಯೇ ಕೂರುತ್ತಾರೆ. ಸರಿ ಅಂತ ಬೋರ್ಡಿನ ಮೇಲೆ ದೊಡ್ಡದಾಗಿ 'ಅ' ಬರೆದೆ. ಮುಂದೆ ಕೂತಿದ್ದ ಹುಡುಗಿ ಎದ್ದು ನಿಂತಳು. "ಅದು ಈಗ ಅಲ್ರಿ ಸರ. ಮೊದಲ ರ, ಗ, ಸ, ದ ಆಗ್ಬೇಕ್ರಿ."

ಆ ಹುಡುಗಿ ಹೇಳಿದ್ದೇ ಸರಿ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಕ್ರಮದಲ್ಲಿ. ಬರೆಯುವ ಕೈಗೆ ಸುಲಭದ ಅಕ್ಷರ ಮೊದಲು. ಇನ್ನೂ ಒಂದು ಲಾಭ ನೋಡು. ಈ ಐದೇ ಅಕ್ಷರದಲ್ಲಿ ಸರ, ದಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಶಾಲೆಗೆ ಸೇರಿದ ಸ್ವಲ್ಪ ದಿನಕ್ಕೇ ಮಗು ತಾನೇ ಒಂದು ಪದ ಓದಿಬಿಡುತ್ತದೆ. ನಾವು ಕಲಿತ ಹಾಗೆ ಅ ಆ ಇ ಈ ಅಂತ ಹೊರಟರೆ ಸ್ವರ ಮುಗಿದು, ವ್ಯಂಜನ ಬಂದು, ಪದಕ್ಕೆ ಬರುವಷ್ಟರಲ್ಲಿ ಮಗುವಿಗೆ ಶಾಲೆಯೇ ಬೇಸರ. ನಾನು ಅಷ್ಟು ವರ್ಷ ಪಾಠ ಮಾಡಿದ್ದರೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದ ಪ್ರಾಥಮಿಕ ಶಾಲೆಯ ಶಿಕ್ಷಕರೇ ಕೂತು ಕಟ್ಟಿದ್ದು.

ಆ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಇರುತ್ತವೆ. ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಒಂದೊಂದು ಮಗು ಒಂದೊಂದು ಮೆಟ್ಟಿಲಿನಲ್ಲಿ. ಯಾರು ಯಾವ ಕಾರ್ಡಿನಲ್ಲಿದ್ದಾರೆ, ಯಾರಿಗೆ ಅಕ್ಕೋರ ಸಹಾಯ ಬೇಕು, ಯಾರು ತಾವೇ ಮಾಡಿಕೊಳ್ಳುತ್ತಾರೆ ಎಂಬುದು ಪ್ರತಿ ನಿಮಿಷ ಗೊತ್ತಿರಬೇಕು. ಅದರ ಮೇಲೆ ನಮ್ಮ ಕಡೆಯ ಭಾಷೆ. ನಿಮ್ಮ ಸಿರುಗುಪ್ಪದ ಗಡಿ ಹಳ್ಳಿಗಳಲ್ಲಿ ಮಗುವಿನ ಬಾಯಲ್ಲಿ ತೆಲುಗು ಇರುತ್ತದೆ. ತಾಂಡಾದಿಂದ ಬಂದದ್ದು ಲಂಬಾಣಿ ಮಾತಾಡುತ್ತದೆ, ಇನ್ನೊಂದರ ಮನೆಯಲ್ಲಿ ಉರ್ದು. ಡಿ.ಎಡ್‌ನ ಎರಡು ವರ್ಷ ಇರುವುದು ಈ ಕೋಣೆಗಾಗಿ. ನಮ್ಮ ಬಿ.ಎಡ್ ಪಾಠ ಯೋಜನೆ, ಮೈಕ್ರೋ ಟೀಚಿಂಗ್ ಎಲ್ಲ ಓದಲು, ಬರೆಯಲು ಆಗಲೇ ಬರುವ ಮಕ್ಕಳಿಗೆ. ಎರಡನೇ ದಿನ ನಾನು ಹೋಗಲಿಲ್ಲ. ಜ್ವರ ಅಂದೆ.

ನಿನಗೆ ಪಿಸಿಎಂ ಇದೆಯಲ್ಲವ್ವಾ, ಆರರಿಂದ ಎಂಟರ ಗಣಿತ-ವಿಜ್ಞಾನಕ್ಕೆ ನೇರ ದಾರಿ. ಟಿಇಟಿ ಎರಡನೇ ಪತ್ರಿಕೆ 150 ಅಂಕಕ್ಕೆ, ಅದರಲ್ಲಿ 60 ನಿನ್ನ ಗಣಿತ-ವಿಜ್ಞಾನದ್ದೇ. ಪಾಸಾಗಲು 90 ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಾಸಾದರೆ ಸಾಕು ಅಂತ ಓದಬೇಡ, 2022ರ ನೇಮಕಾತಿಯಲ್ಲಿ ಟಿಇಟಿ ಅಂಕವೂ ಮೆರಿಟ್ ಲೆಕ್ಕಕ್ಕೆ ಬಂದಿತ್ತು. ಅಂದ ಹಾಗೆ ನೌಕರಿಯಲ್ಲಿರುವ ನನ್ನ ಗೆಳೆಯರೂ ಈಗ ಟಿಇಟಿ ಗೈಡ್ ಹಿಡಿದಿದ್ದಾರೆ. ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇದ್ದವರು ಎರಡು ವರ್ಷದೊಳಗೆ ಪಾಸಾಗಬೇಕು ಅಂತ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿದೆ. ಮಕ್ಕಳಿಗೆ "ಓದ್ರಿ" ಅಂತ ಗದರಿಸುತ್ತಿದ್ದವರು ರಾತ್ರಿ ತಾವೇ ಕೂತು ಓದುವುದನ್ನು ನೋಡಿದರೆ ನನಗೆ ನಗು ತಡೆಯುವುದಿಲ್ಲ.

ನೀನು ಕೇಳದೇ ಇದ್ದರೂ ಇನ್ನೊಂದು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಸಮಯಕ್ಕೆ ಸರಿಯಾಗಿ ಕೇಳುವುದಿಲ್ಲ. 371ಜೆ ಸರ್ಟಿಫಿಕೇಟ್, ಅಂದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಬೇಕಾದ, ಕಲ್ಯಾಣ ಕರ್ನಾಟಕದವಳು ಅನ್ನುವ ಪತ್ರ, ಮಾಡಿಸಿದ್ದೀಯಾ?

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಸಿ ದರ್ಜೆಯ ಸ್ಥಳೀಯ ಹುದ್ದೆಗಳಲ್ಲಿ ನೂರಕ್ಕೆ 80 ಇಲ್ಲಿಯವರಿಗೇ ಮೀಸಲು. 2022ರಲ್ಲಿ ಆರರಿಂದ ಎಂಟರ ಶಿಕ್ಷಕರಿಗೆ ಕರೆದ 15,000 ಹುದ್ದೆಯಲ್ಲಿ 5,000 ನಮ್ಮ ಭಾಗದ್ದು. ಕೊನೆಗೆ ಅರ್ಹರು ಸಾಕಷ್ಟು ಸಿಗದೆ ಹುದ್ದೆ ಉಳಿದವು ಅಂದರೆ ನಂಬುತ್ತೀಯಾ? 371ಜೆ ಇದ್ದರೆ ಟಿಇಟಿ ಪಾಸ್ ಅಂಕ ಕಡಿಮೆ ಆಗುತ್ತದೆ ಅಂತಲೂ ಒಂದು ಸುದ್ದಿ ಓಡಾಡುತ್ತದೆ. ಅದೂ ಸುಳ್ಳು. ಎಸ್‌ಸಿ, ಎಸ್‌ಟಿ, ಪ್ರವರ್ಗ-1, ಅಂಗವಿಕಲರಿಗೆ ಮಾತ್ರ ನೂರಕ್ಕೆ 55, ಉಳಿದವರಿಗೆಲ್ಲ 60. ಬೀದರಿನವರಾದರೂ ಅಷ್ಟೇ, ಬೆಂಗಳೂರಿನವರಾದರೂ ಅಷ್ಟೇ.

ಸರ್ಟಿಫಿಕೇಟ್ ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರು. ಸಿಂಧನೂರಿನವರಿಗೆ ಲಿಂಗಸುಗೂರು, ನಿನಗೆ ಬಳ್ಳಾರಿ. ಶಾಲೆಯ ದಾಖಲೆ, ಆಧಾರ್, ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಹೆಸರು ಹೋಲಿಸಿ ನೋಡು. ನಮ್ಮ ಕಡೆ ಒಂದರಲ್ಲಿ ಈರಮ್ಮ, ಇನ್ನೊಂದರಲ್ಲಿ ವೀರಮ್ಮ ಇರುತ್ತದೆ, ಅಪ್ಪನ ಹೆಸರಂತೂ ಮೂರು ಥರ. ಅದನ್ನು ಸರಿ ಮಾಡಿಸೋಕೆ ತಿಂಗಳು ಹಿಡಿಯುತ್ತದೆ. ಹುದ್ದೆ ಕರೆದ ಮೇಲೆ ಓಡಿದರೆ ಊರಿಗೆ ಊರೇ ಅಲ್ಲಿ ನಿಂತಿರುತ್ತದೆ. ಬಿ.ಎಡ್ ಸೇರುವ ಮೊದಲೇ, ಈಗ ಬಿಡುವಿದ್ದಾಗಲೇ ಹೋಗಿ ಬಾ. ಮಾವನನ್ನೂ ಕರೆದುಕೊಂಡು ಹೋಗು. ಸಾಲಿನಲ್ಲಿ ನಿಲ್ಲೋಕೆ ಒಬ್ಬರು ಬೇಕಾಗುತ್ತೆ.