ಲೈಪೋಸೋಮ್ ಕೀಮೋ: ಹೃದಯಕ್ಕೆ ಹಗುರ, ಅಂಗೈಗೆ ಉರಿ

"ಲೈಪೋಸೋಮ್ ಕೀಮೋ ಅಂದ್ರೆ ಅಡ್ಡಪರಿಣಾಮ ಇರಲ್ಲ ಅಲ್ವಾ ಡಾಕ್ಟ್ರೇ?" ರೋಗಿಯ ಮನೆಯವರು ಆಗಾಗ ಕೇಳುತ್ತಾರೆ. ಇರುತ್ತದೆ. ಬೇರೆ ಥರ ಇರುತ್ತದೆ, ಅಷ್ಟೇ.

ಡಾಕ್ಸೊರುಬಿಸಿನ್ ಕ್ಯಾನ್ಸರ್‌ಗೆ ಕೊಡುವ ಹಳೆಯ, ಗಟ್ಟಿ ಔಷಧ. ತೊಂದರೆ ಏನೆಂದರೆ ಡ್ರಿಪ್ ಹಾಕಿದ ಕೂಡಲೇ ಮೈಯೆಲ್ಲ ಹರಡುತ್ತದೆ. ಗಡ್ಡೆಗೆ ಹೋದಂತೆಯೇ ಕೂದಲ ಬೇರಿಗೂ ಹೃದಯದ ಸ್ನಾಯುವಿಗೂ ಹೋಗುತ್ತದೆ. ಹೃದಯದ ಹಾನಿ ಡೋಸಿನ ಮೇಲೆ ಡೋಸ್ ಕೂಡುತ್ತಾ ಹೋಗುತ್ತದೆ. ಅದಕ್ಕೇ ಒಬ್ಬರಿಗೆ ಜೀವಮಾನದಲ್ಲಿ ಇಷ್ಟೇ ಎಂದು ಲೆಕ್ಕ ಇಡುತ್ತೇವೆ.

ಲೈಪೋಸೋಮ್ ಎಂದರೆ ಕೊಬ್ಬಿನ ಪೊರೆಯ ಗುಳ್ಳೆ. ಅಗಲ ಸುಮಾರು 100 ನ್ಯಾನೋಮೀಟರ್. ಅದೇ ಡಾಕ್ಸೊರುಬಿಸಿನ್ ಒಳಗೆ, ಹೊರಗೆ ಪೆಗ್ ಎಂಬ ಪಾಲಿಮರ್ ಲೇಪನ. ಲೇಪನ ಇಲ್ಲದಿದ್ದರೆ ಲಿವರ್‌ನ ಕೋಶಗಳು ಬೇಗ ನುಂಗಿಬಿಡುತ್ತವೆ. ಇದ್ದರೆ ಗುಳ್ಳೆ ದಿನಗಟ್ಟಲೆ ರಕ್ತದಲ್ಲೇ ಓಡಾಡುತ್ತದೆ. ಹೃದಯದ ರಕ್ತನಾಳದ ಗೋಡೆ ಬಿಗಿ, ಗುಳ್ಳೆ ಸುಲಭಕ್ಕೆ ತೂರದು. ಗಡ್ಡೆಯ ರಕ್ತನಾಳಗಳು ಅವಸರಕ್ಕೆ ಬೆಳೆದವು, ಸೋರುತ್ತವೆ. ಅಲ್ಲಿ ಗುಳ್ಳೆ ಹೊರಬಂದು ನಿಲ್ಲುತ್ತದೆ. (ಎಲ್ಲ ಗಡ್ಡೆಗಳೂ ಒಂದೇ ಥರ ಸೋರುವುದಿಲ್ಲ. "ನೇರ ಗಡ್ಡೆಗೇ ಹೋಗುವ ಔಷಧ" ಎಂಬ ಮಾತನ್ನು ಪೂರ್ತಿ ನಂಬಬೇಡಿ.)

ಈ ಲೈಪೋಸೋಮ್ ಔಷಧಕ್ಕೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 1995ರಲ್ಲಿ. ಹರಡಿದ ಸ್ತನ ಕ್ಯಾನ್ಸರ್ ಇದ್ದ 509 ಮಹಿಳೆಯರ ಅಧ್ಯಯನ 2004ರಲ್ಲಿ ಬಂತು. ಕಾಯಿಲೆ ತಡೆಯುವುದರಲ್ಲಿ ಹಳೆಯದೂ ಹೊಸದೂ ಸಮಸಮ. ಹೃದಯದ ತೊಂದರೆ ಲೈಪೋಸೋಮ್‌ನಲ್ಲಿ ತುಂಬಾ ಕಡಿಮೆ. ಕೂದಲು ಉದುರಿದ್ದು ಹಳೆಯದರಲ್ಲಿ ಶೇ 66 ಮಂದಿಗೆ, ಇದರಲ್ಲಿ ಶೇ 20. ಆದರೆ ಅಂಗೈ, ಅಂಗಾಲು ಕೆಂಪಾಗಿ ಉರಿಯುವ ತೊಂದರೆ ಶೇ 2ರಿಂದ 48ಕ್ಕೆ ಜಿಗಿಯಿತು. ರಕ್ತದಲ್ಲಿ ಹೆಚ್ಚು ದಿನ ಉಳಿದ ಗುಳ್ಳೆಗಳು ಚರ್ಮಕ್ಕೂ ಇಳಿಯುತ್ತವೆ. ಒತ್ತಡ, ತಿಕ್ಕಾಟ, ಬಿಸಿ ಇದ್ದಲ್ಲಿ ಜಾಸ್ತಿ.

ಹೃದಯ ಮೊದಲೇ ಸೋತಿರುವವರಿಗೆ ಇದು ಲಾಭದ ವ್ಯವಹಾರ ಎಂಬುದು ನನ್ನ ಅಭಿಪ್ರಾಯ. ದಿನವಿಡೀ ಕೈಯಲ್ಲೇ ದುಡಿಯುವವರಿಗೆ ಸ್ವಲ್ಪ ಯೋಚಿಸಿ ಬರೆಯುತ್ತೇನೆ.

ಡೋಸ್ ಆದ ಮೇಲೆ ಕೆಲವು ದಿನ ಬಿಸಿನೀರಿನ ಸ್ನಾನ, ಬಿಗಿ ಚಪ್ಪಲಿ, ದೂರದ ನಡಿಗೆ ಬೇಡ. ಮಾಯಿಶ್ಚರೈಸರ್ ಹಚ್ಚಿ, ಆದರೆ ಉಜ್ಜಬೇಡಿ. ಅಂಗೈ ಜುಮ್ ಎಂದರೆ, ಕೆಂಪಾದರೆ, ಸುಮ್ನೆ ಸಹಿಸಿಕೊಂಡು ಕೂರಬೇಡಿ, ಆಗಲೇ ಹೇಳಿ. ಮುಂದಿನ ಡೋಸ್ ಮುಂದೂಡಿದರೆ ಅಥವಾ ತಗ್ಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಬೊಬ್ಬೆ ಎದ್ದು ಚರ್ಮ ಸುಲಿದ ಮೇಲೆ ಬಂದರೆ ವಾಸಿಯಾಗಲು ಹೆಚ್ಚು ದಿನ ಬೇಕು.

ಮೊದಲ ಡ್ರಿಪ್ ಬೇಕೆಂದೇ ನಿಧಾನವಾಗಿ ಬಿಡುತ್ತೇವೆ. ಮುಖ ಕೆಂಪೇರುವುದು, ಎದೆ ಬಿಗಿಯುವುದು, ಬೆನ್ನು ನೋವು ಕೆಲವರಿಗೆ ಆಗ ಬರಬಹುದು. ಬಂದರೆ ನರ್ಸಮ್ಮನನ್ನು ತಕ್ಷಣ ಕರೆಯಿರಿ. ಮತ್ತೆ, ಬೇರೆ ಆಸ್ಪತ್ರೆಗೆ ಹೋಗುವಾಗ ಬರೀ "ಡಾಕ್ಸೊರುಬಿಸಿನ್" ಎನ್ನಬೇಡಿ, "ಲೈಪೋಸೋಮ್‌ನದ್ದು" ಎಂದು ಸೇರಿಸಿ. ಎರಡರ ಡೋಸೂ ಬೇರೆ.