ಕಕ್ಕೆಯೋ ಸೆನ್ನಾವೋ? ಒಂದೆರಡು ಮರ ಇರುವಾಗಲೇ ದಾಖಲಾಗಲಿ

ಸಕಲೇಶಪುರ, ಮೂಡಿಗೆರೆ ಕಡೆ ಲಂಟಾನ ಇಲ್ಲದ ಬೇಲಿ ಹುಡುಕುವುದೇ ಕಷ್ಟ. ಅಮೆರಿಕ ಮೂಲದ ಈ ಗಿಡವನ್ನು ಹೂವಿನ ಚೆಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಮುಂದಿನ ಕೆಲಸ ಹಣ್ಣು ತಿನ್ನುವ ಹಕ್ಕಿಗಳದ್ದಾಯಿತು. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಆಮದು ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ಅದನ್ನು ತಿನ್ನಲೆಂದು ಮೆಕ್ಸಿಕೋ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟದ್ದು 1984ರಲ್ಲಿ. ಅಷ್ಟರಲ್ಲಿ ಗಿಡ ದೇಶದ ತುಂಬ ಹಬ್ಬಿತ್ತು.

ಹೊರಗಿನ ಗಿಡ ಹೀಗೆ ಹಬ್ಬಿದ ಮೇಲೆ ತಡೆಯುವುದು ಕಷ್ಟ. ಹಾಗಾಗಿ ಯಾವ ಗಿಡ, ಯಾವ ವರ್ಷ, ಯಾವ ಊರಲ್ಲಿ ಕಂಡಿತು ಎಂಬ ಬರಹಕ್ಕೆ ಅಷ್ಟು ಬೆಲೆ. ಹಾಸನ ಜಿಲ್ಲೆ ಈ ವಿಷಯದಲ್ಲಿ ಪುಣ್ಯ ಮಾಡಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸಿಸಿಲ್ ಸಲ್ಡಾನಾ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಜಿಲ್ಲೆಯ ಸಸ್ಯಗಳನ್ನು ದಾಖಲಿಸಿ 1976ರಲ್ಲಿ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಎಂಬ ಪುಸ್ತಕ ಹೊರತಂದರು. ಅದರಲ್ಲಿಲ್ಲದ ಗಿಡ ಇವತ್ತು ಕಂಡರೆ ಎರಡೇ ಸಾಧ್ಯತೆ: ಆಗ ಕಣ್ತಪ್ಪಿರಬೇಕು, ಇಲ್ಲವೇ ಆಮೇಲೆ ಬಂದಿರಬೇಕು. ಇಂಥ ಅಳತೆಗೋಲು ಎಲ್ಲ ಜಿಲ್ಲೆಗೂ ಸಿಕ್ಕಿಲ್ಲ.

ಈಗ ಕಣ್ಣಿಡಬೇಕಾದದ್ದು ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹೊರದೇಶದ ಮರದ ಮೇಲೆ. ಅಲಂಕಾರಕ್ಕೆ, ನೆರಳಿಗೆ ನೆಟ್ಟ ಈ ಮರ ನಾಗರಹೊಳೆ, ಬಂಡೀಪುರ, ವಯನಾಡಿನ ಕಾಡುಗಳಿಗೆ ನುಗ್ಗಿದೆ. ದಟ್ಟವಾಗಿ ಬೆಳೆದ ಕಡೆ ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ನಮ್ಮ ಜಿಲ್ಲೆಗಳಿಗೆ ಆ ಕಾಡುಗಳೇನೂ ದೂರವಲ್ಲ.

ಹಳದಿ ಹೂ ನೋಡಿ ಜನ ಕಕ್ಕೆ ಅಂದುಕೊಳ್ಳುತ್ತಾರೆ. ಕಕ್ಕೆಯ ಗೊಂಚಲು ಬೇಸಿಗೆಯಲ್ಲಿ ಕೆಳಕ್ಕೆ ಜೋತುಬೀಳುತ್ತದೆ. ಸೆನ್ನಾದ್ದು ರೆಂಬೆಯ ತುದಿಯಲ್ಲಿ ಮೇಲಕ್ಕೆ ನಿಲ್ಲುತ್ತದೆ, ಮಳೆಗಾಲದ ಕೊನೆಯಲ್ಲಿ ಹೆಚ್ಚು ಅರಳುತ್ತದೆ. ಕಕ್ಕೆಯಲ್ಲಿ ಒಂದು ಕಡ್ಡಿಗೆ ಅಗಲವಾದ ಕೆಲವೇ ಜೋಡಿ ಎಲೆ. ಸೆನ್ನಾದಲ್ಲಿ ಹತ್ತಕ್ಕೂ ಹೆಚ್ಚು ಜೋಡಿ, ಕಿರಿದು, ತುದಿ ಚೂಪು. ಕಾಯಿ ಎರಡರದ್ದೂ ಉದ್ದ, ಅದನ್ನೊಂದೇ ನಂಬಿ ಹೆಸರಿಡಬೇಡಿ.

ದೂರದಿಂದ ತೆಗೆದ ಹಳದಿ ಮರದ ಫೋಟೊ ಯಾರಿಗೂ ಪ್ರಯೋಜನವಿಲ್ಲ. ಹೂಗೊಂಚಲು, ಎಲೆಯ ಎರಡೂ ಬದಿ, ಕಾಯಿ, ಕಾಂಡ, ಇಡೀ ಮರ ಎಲ್ಲವೂ ಬೇಕು. ದಿನಾಂಕ, ಜಿಪಿಎಸ್ ಜಾಗ, ಅಕ್ಕಪಕ್ಕ ಎಷ್ಟು ಸಸಿಗಳಿವೆ, ಯಾರಾದರೂ ನೆಟ್ಟದ್ದೋ ತಾನಾಗಿ ಹುಟ್ಟಿದ್ದೋ, ಇವನ್ನೂ ಬರೆಯಿರಿ. ಈ ಕೊನೆಯ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತಜ್ಞರು ಮೊದಲು ಕೇಳುವುದೇ ಅದನ್ನು. ಇವನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ಬಲ್ಲವರು ಹೆಸರು ಖಚಿತಪಡಿಸುತ್ತಾರೆ. ವಲಯ ಅರಣ್ಯಾಧಿಕಾರಿಗೂ ತಿಳಿಸಿ. ಅವಸರಪಟ್ಟು ಕತ್ತಿಯಿಂದ ಕಡಿಯಲು ಮಾತ್ರ ಹೋಗಬೇಡಿ: ಕಡಿದ ಬುಡದಿಂದಲೇ ನಾಲ್ಕಾರು ಚಿಗುರು ಒಟ್ಟಿಗೆ ಏಳುತ್ತವೆ.