ಗೆರೆ ಕೂಡಿದಲ್ಲಿ ವೇಗವೂ ಒಂದೇ ಎನ್ನುವ ಮಕ್ಕಳು

ಚಲನೆಯ ಪಾಠ ಮುಗಿದ ತರಗತಿಗೆ ಈ ಲೆಕ್ಕ ಕೊಟ್ಟು ನೋಡಿ. ಕುಂಬಳೆಯ ರಸ್ತೆಯಲ್ಲಿ ಇಬ್ಬರು ಹುಡುಗರು ಒಂದೇ ದಿಕ್ಕಿಗೆ ಸೈಕಲ್ ತುಳಿಯುತ್ತಿದ್ದಾರೆ. ಅವರ ಚಲನೆಯ ಗ್ರಾಫಿನ ಅಡ್ಡ ಅಕ್ಷದಲ್ಲಿ ಸಮಯ ಸೆಕೆಂಡಿನಲ್ಲಿ, ಲಂಬ ಅಕ್ಷದಲ್ಲಿ ಸ್ಥಾನ ಮೀಟರಿನಲ್ಲಿ. ರಾಮನ ಸರಳರೇಖೆ (0, 4)ರಿಂದ ಹೊರಡುತ್ತದೆ, ರಹೀಮನದ್ದು (0, 0)ಯಿಂದ. ಎರಡೂ (4, 12)ರಲ್ಲಿ ಕೂಡುತ್ತವೆ. ನಾಲ್ಕನೇ ಸೆಕೆಂಡಿನಲ್ಲಿ ಯಾರ ವೇಗ ಹೆಚ್ಚು?

‘ಇಬ್ಬರದ್ದೂ ಒಂದೇ ಟೀಚರೇ, ಗೆರೆ ಕೂಡಿತಲ್ಲ!’

ಕೂಡಿದ್ದು ಸ್ಥಾನ, ವೇಗವಲ್ಲ. ಆದರೆ ಲೆಕ್ಕ ಮಾಡಿ ನೋಡು ಎಂದರೂ ಮಗು ತಿದ್ದಿಕೊಳ್ಳುವುದಿಲ್ಲ. 12ನ್ನು 4ರಿಂದ ಭಾಗಿಸುತ್ತದೆ, ಇಬ್ಬರಿಗೂ 3 ಬರುತ್ತದೆ. ತಪ್ಪು ಕಲ್ಪನೆಗೆ ತಪ್ಪು ವಿಧಾನವೇ ಸಾಕ್ಷಿ ಹೇಳಿತು! ರಾಮ 4 ಸೆಕೆಂಡಿನಲ್ಲಿ ಸಾಗಿದ್ದು 12 ಮೀಟರಲ್ಲ, 8 ಮೀಟರು. ಅವನ ವೇಗ ಸೆಕೆಂಡಿಗೆ 2 ಮೀಟರು. ರಹೀಮನದ್ದು 3.

ಮೂಲಬಿಂದುವಿನಿಂದ, ಅಂದರೆ (0, 0)ಯಿಂದ, ಹೊರಡುವ ಗೆರೆಗಳನ್ನಷ್ಟೇ ಅಭ್ಯಾಸ ಮಾಡಿಸಿದರೆ ಈ ತಪ್ಪು ಹೊರಗೆ ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ನೇರ ಭಾಗಾಕಾರವೂ ಸರಿಯುತ್ತರವನ್ನೇ ಕೊಡುತ್ತದೆ. ಅಮೆರಿಕದ ರಾಬರ್ಟ್ ಬೈಕ್ನರ್ 1994ರಲ್ಲಿ ಪ್ರಕಟಿಸಿದ, ಚಲನೆಯ ಗ್ರಾಫುಗಳ 21 ಪ್ರಶ್ನೆಗಳ ಪರೀಕ್ಷೆಯಲ್ಲೂ ಇದೇ ಕಂಡಿತ್ತು. ಹಾಗಾಗಿ ಮೊದಲ ದಿನವೇ ಮೂಲಬಿಂದುವನ್ನು ಮುಟ್ಟದ ಗೆರೆ ಕೊಡಿ. ಇನ್ನೊಂದು ಮಾತು: ಗೆರೆ ಏರುವ ದರಕ್ಕೂ (ಸ್ಲೋಪ್) ನಾವು ‘ಇಳಿಜಾರು’ ಎನ್ನುತ್ತೇವೆ. ಮಕ್ಕಳು ಗಲಿಬಿಲಿಯಾದರೆ ಅವರದ್ದೇನು ತಪ್ಪು? ‘ಒಂದು ಸೆಕೆಂಡಿಗೆ ಎಷ್ಟು ಏರಿತು?’ ಎಂದು ಶುರು ಮಾಡಿ, ಪದವನ್ನು ಆಮೇಲೆ ಕೊಟ್ಟರಾಯಿತು.

ಎತ್ತರವೇ ಬೇರೆ, ಏರುವ ದರವೇ ಬೇರೆ ಎಂದು ಕೈಯಲ್ಲಿ ಮಾಡಿ ತೋರಿಸಲು ಮನೆಯ ಕೊಡಪಾನ ಸಾಕು. ಪ್ರತಿ ಸಲ ಅರ್ಧ ಲೀಟರು ನೀರು ಹೊಯ್ದು, ಮರದ ಸ್ಕೇಲನ್ನು ನೆಟ್ಟಗೆ ತಳಕ್ಕೆ ಮುಟ್ಟಿಸಿ ಮಟ್ಟ ಬರೆದುಕೊಳ್ಳಲಿ. ಆದರೆ ಅಳೆಯುವ ಮೊದಲೇ ಗ್ರಾಫನ್ನು (ಅಡ್ಡಕ್ಕೆ ಹೊಯ್ದ ನೀರು, ಲಂಬಕ್ಕೆ ಮಟ್ಟ) ಅಂದಾಜಿನಲ್ಲಿ ಬಿಡಿಸಿರಬೇಕು. ಇದನ್ನು ಬಿಟ್ಟರೆ ಪ್ರಯೋಗ ಬರೀ ನೀರಾಟ. ಕೆಲವರು ಕೊಡಪಾನದ ಹೊಟ್ಟೆಯನ್ನೇ ಬಿಡಿಸುತ್ತಾರೆ, ಗ್ರಾಫನ್ನು ಚಿತ್ರವೆಂದುಕೊಂಡು. ಕೆಲವರು ಹೊಟ್ಟೆಯಲ್ಲಿ ನೀರು ಹೆಚ್ಚು ಹಿಡಿಯುತ್ತದೆಂದು ಅಲ್ಲೇ ಗೆರೆಯನ್ನು ಕಡಿದಾಗಿ ಏರಿಸುತ್ತಾರೆ. ಅಳೆದಾಗ ಆಗುವುದು ತಿರುಗುಮುರುಗು: ಅಗಲವಾದ ಹೊಟ್ಟೆಯಲ್ಲಿ ಅರ್ಧ ಲೀಟರು ತೆಳ್ಳಗೆ ಹರಡಿ ಮಟ್ಟ ನಿಧಾನಕ್ಕೆ ಏರುತ್ತದೆ, ಕುತ್ತಿಗೆಗೆ ಬಂದೊಡನೆ ಜಿಗಿಯುತ್ತದೆ. ಎರಡು ಗ್ರಾಫುಗಳನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೊಳ್ಳಲಿ. ಅಂದಾಜಿನದ್ದನ್ನು ಅಳಿಸುವುದು ಬೇಡ.

ಅಕ್ಷ ಓದದೆ ಆಕಾರ ನೋಡುವ ಚಾಳಿಗೆ ಬಾವಿಯ ಲೆಕ್ಕ ಒಳ್ಳೆಯದು. ಕಟ್ಟೆಯಿಂದ ನೀರಿನವರೆಗಿನ ಆಳ ಮೇ ತಿಂಗಳಲ್ಲಿ 9 ಮೀಟರು, ಜುಲೈಯಲ್ಲಿ 3 ಎಂದಿಟ್ಟುಕೊಳ್ಳಿ. ಗೆರೆ ಇಳಿಯುತ್ತದೆ. ‘ಜುಲೈಯಲ್ಲಿ ಬಾವಿ ಬತ್ತಿತು’ ಎಂದು ಬರೆಯುವವರು ಆಟಿ ತಿಂಗಳ ಮಳೆಯಲ್ಲಿ ನೆನೆದು ಶಾಲೆಗೆ ಬಂದ ಮಕ್ಕಳೇ! ಗೆರೆಯ ಮಾತು ಎತ್ತುವ ಮೊದಲು ಒಂದು ಬಿಂದುವನ್ನು ತೋರಿಸಿ, ಪೂರ್ತಿ ವಾಕ್ಯದಲ್ಲಿ ಓದಿಸಿ: ‘ಜುಲೈಯಲ್ಲಿ ಕಟ್ಟೆಯಿಂದ 3 ಮೀಟರು ಕೆಳಗೆ ನೀರಿದೆ.’